ಕ್ಷಣಪಥದ ಐದು ತಾಸು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಬರೀ ಇಪ್ಪತ್ತು ಕಿಲೋಮೀಟರು. ಆದರೆ ಆ ಇಪ್ಪತ್ತು ಕಿಲೋಮೀಟರಿನ ಬಗ್ಗೆ ಎರಡೂ ಊರಿನವರು ಆಡಿಕೊಂಡಷ್ಟು ಮಾತು ಕಾಶಿಗೆ ಹೋಗಿಬಂದವರೂ ಆಡಿರಲಿಕ್ಕಿಲ್ಲ. ಹುಬ್ಬಳ್ಳಿಯವರಿಗೆ ಧಾರವಾಡವೆಂದರೆ ಮಧ್ಯಾಹ್ನ ಉಂಡು ಮಲಗುವ ಊರು. ಧಾರವಾಡದವರಿಗೆ ಹುಬ್ಬಳ್ಳಿಯೆಂದರೆ ತಕ್ಕಡಿಯಲ್ಲಿ ಕೈಚಳಕ ತೋರಿಸುವ ಊರು. ಕ್ಷಣಪಥ ಬಂದು ಎರಡೂ ಊರುಗಳು ಒಂದೇ ಹೊಸ್ತಿಲಿನ ಆಚೆ ಈಚೆಯಾದ ಮೇಲೂ ಈ ಮಾತು ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು. ನಾಲ್ಕು ವರ್ಷ ಯಾರ ತಲೆಗೂ ಹೊಳೆಯದೆ ಉಳಿದ ಸಂಗತಿಯೊಂದು ಮೊದಲ ವಾರದಲ್ಲೇ ಬಯಲಾಗುತ್ತಿತ್ತು.

ಕ್ಷಣಪಥವೆಂದರೆ ಎರಡು ನಿಲ್ದಾಣ, ಒಂದೊಂದರಲ್ಲಿ ಹನ್ನೆರಡು ಗೂಡು, ನಡುವೆ ನೆಲದಡಿ ಒಂದು ಉದ್ದನೆಯ ಕೊಳವೆ. ಕೊಳವೆಯೊಳಗೆ ಏನೂ ಓಡುವುದಿಲ್ಲ. ಅದು ಎರಡು ತುದಿಯ ಜಾಗವನ್ನು ಸೀರೆಯ ನಿರಿಗೆಯ ಹಾಗೆ ಮಡಿಸಿ ಹಿಡಿಯುತ್ತದೆ. ಮಡಿಸಿದಾಗ ಧಾರವಾಡದ ಗೂಡೂ ಹುಬ್ಬಳ್ಳಿಯ ಗೂಡೂ ಒಂದೇ ಆಗಿಬಿಡುತ್ತವೆ. ಪ್ರಯಾಣಿಕ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ, ದೀಪ ಆರುತ್ತದೆ, ಬಾಗಿಲು ತೆರೆಯುತ್ತದೆ. ತೆರೆದರೆ ಅದು ಇನ್ನೊಂದು ಊರು. ನಿಲ್ದಾಣದ ಗಡಿಯಾರದಲ್ಲಿ ಒಂದು ಸೆಕೆಂಡೂ ಕಳೆದಿರುವುದಿಲ್ಲ. ಬ್ಯಾಟರಿಯ ಯಾವ ವಸ್ತುವನ್ನೂ ಒಳಗೆ ಬಿಡುತ್ತಿರಲಿಲ್ಲ, ಮಡಿಕೆ ಕೆಡುತ್ತದೆಂದು. ಫೋನನ್ನೂ ಕೈಗಡಿಯಾರವನ್ನೂ ಈ ಕಡೆ ಕೊಟ್ಟು, ಆ ಕಡೆ ನಿಲ್ದಾಣದ ಫೋನು ಪಡೆಯಬೇಕಿತ್ತು.

ಕೊಳವೆ ಹೂಳಲು ಹಳೆಯ ರಸ್ತೆಯನ್ನು ಉದ್ದಕ್ಕೂ ಅಗೆದಿದ್ದರು. ಅಗೆದದ್ದನ್ನು ನೆಟ್ಟಗೆ ಮುಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಇನ್ನು ರಸ್ತೆ ಯಾರಿಗೆ ಬೇಕು? ರೈಲು ಸರಕಿಗೆ ಮೀಸಲಾಯಿತು. ಎರಡು ತಾಸಿಗೊಂದು ಬಸ್ಸು ಮಾತ್ರ ಉಳಿಯಿತು. ಅದು ನವಲೂರು ದಾಟುವಷ್ಟರಲ್ಲಿ ಕೂತವರ ಎಲುಬುಗಳೆಲ್ಲ ಎಲ್ಲೆಲ್ಲಿವೆ ಎಂದು ಅವರಿಗೇ ಗೊತ್ತಾಗುತ್ತಿತ್ತು. ಕಾರಿನಲ್ಲಿ ಹೋದರೂ ಗುಂಡಿಗಳು ಅವೇ.

ಧಾರವಾಡ ನಿಲ್ದಾಣದ ತೂಕದ ಕೋಣೆ ಶಿವಲೀಲಾ ಹಂಚಿನಾಳಳ ಸುಪರ್ದಿನಲ್ಲಿತ್ತು. ನಲವತ್ತಾರು ವರ್ಷದ ಗಟ್ಟಿ ಹೆಂಗಸು. ಮದುವೆಯ ಉಸಾಬರಿಗೆ ಹೋಗದೆ ಸಪ್ತಾಪುರದ ಬಾಡಿಗೆ ಮನೆಯಲ್ಲಿ ತಾಯಿ ಪಾರವ್ವನ ಜೊತೆ ಇದ್ದಳು. ಗೂಡಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಪ್ರತಿಯೊಬ್ಬರನ್ನೂ ತೂಗುವುದು ನಿಯಮ. ಹೋದ ಮನುಷ್ಯ ಪೂರ್ತಿ ಬಂದಿದ್ದಾನೋ ಇಲ್ಲವೋ ನೋಡಬೇಕಲ್ಲ. ಹುಬ್ಬಳ್ಳಿಯ ತೂಕದ ಕೋಣೆಯಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಪಾಂಡುರಂಗ ಕಟ್ಟಿ ಎಂಬ ಹಿರಿಯ ಎಂಜಿನಿಯರು. ಇಬ್ಬರಿಗೂ ಮುಂಜಾನೆಯ ಚಹದ ಜೊತೆ ಒಂದು ಜಗಳ ಬೇಕೇ ಬೇಕು.

"ಕಟ್ಟಿ ಸರ, ಇವತ್ತೂ ನಿಮ್ಮ ತಕ್ಕಡಿ ಇನ್ನೂರು ಗ್ರಾಂ ಹೆಚ್ಚಿಗಿ ತೋರಸಾಕತ್ತೈತಿ. ನಿಮ್ಮಲ್ಲಿಂದ ಬರೋ ಮಂದಿ ಇಲ್ಲೆ ಬಂದ ಕೂಡ್ಲೆ ಹಗುರ ಆಗತಾರ."

"ನಮ್ಮ ತಕ್ಕಡಿ ಬರೋಬ್ಬರಿ ಅದ ರೀ ಅಕ್ಕಾರ. ನಿಮ್ಮಲ್ಲಿಂದ ಬಂದವ್ರೂ ಇಲ್ಲಿ ಇನ್ನೂರು ಗ್ರಾಂ ಕಡಿಮಿನೇ ತೂಗ್ತಾರ. ಧಾರವಾಡದ ತಕ್ಕಡಿಗೆ ಇನ್ನೂ ನಿದ್ದಿ ಹರದಿಲ್ಲ ಅಂತ ಕಾಣಸ್ತದ."

"ತೂಕದಾಗ ಹುಬ್ಬಳ್ಳಿಯವ್ರ ಮಾತು ನಂಬೂದಂದ್ರ..."

ಇಬ್ಬರೂ ನಗುತ್ತಿದ್ದರು, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಎದುರಿನ ಊರಿಗೆ ಇನ್ನೂರು ಗ್ರಾಂ ಮಾಫಿ ಮಾಡಿ ದಿನದ ಕೆಲಸ ಶುರುಮಾಡುತ್ತಿದ್ದರು. ಎರಡು ತಕ್ಕಡಿಗಳೂ ಒಂದಕ್ಕಿಂತ ಇನ್ನೊಂದು ಹೆಚ್ಚು ತೋರಿಸುವುದು ಹೇಗೆ ಸಾಧ್ಯ ಎಂದು ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಇಬ್ಬರೂ ಕೂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ದೋಷ ಎದುರಿನ ಊರಿನದು ಎಂಬ ಸುಖವೇ ದೊಡ್ಡದಾಗಿತ್ತು.

ಬೇರೆ ಗುರುತುಗಳೂ ಇದ್ದವು. ಗೂಡಿನಿಂದ ಇಳಿದವರು ಮೊದಲು ಹುಡುಕುತ್ತಿದ್ದದ್ದು ಶೌಚಾಲಯ, ಆಮೇಲೆ ಕ್ಯಾಂಟೀನು. ದಿನಾ ಓಡಾಡುವವರ ಗಡ್ಡ ಬೇಗ ಬೆಳೆಯುತ್ತಿದೆಯೆಂದು ಟೋಲ್ ನಾಕಾದ ಕ್ಷೌರಿಕನೊಬ್ಬ ಖುಷಿಯಿಂದ ಹೇಳಿಕೊಳ್ಳುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಇಳಿದವರ ಗಂಟಲು ಒಡೆದಿರುತ್ತಿತ್ತು. ಧಾರವಾಡಕ್ಕೆ ಬಂದವರು ಇಲ್ಲಿನ ಥಂಡಿ ಹವೆಯೆಂದರು, ಹುಬ್ಬಳ್ಳಿಗೆ ಹೋದವರು ಅಲ್ಲಿನ ಧೂಳೆಂದರು. ಹಸಿವಾದರೆ ಹವೆ, ನಿದ್ದೆ ಬಂದರೆ ವಯಸ್ಸು. ಜನರಿಗೆ ಕಾರಣಗಳ ಬರ ಎಂದೂ ಬಂದದ್ದಿಲ್ಲ.

ಪಾರವ್ವನಿಗೆ ಎಪ್ಪತ್ನಾಲ್ಕು, ಹೃದಯ ನಾಜೂಕು. ಹಳೇಹುಬ್ಬಳ್ಳಿಯಲ್ಲಿದ್ದ ಅಕ್ಕ ನೀಲವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಮಂಗಳವಾರ, ಶುಕ್ರವಾರ ಅಕ್ಕನ ಬಳಿ ಹೋಗಿ ತಲೆ ಬಾಚಿ, ಉಣಿಸಿ, ಊರ ಸುದ್ದಿಯೆಲ್ಲ ಹೇಳಿ ಬರುವುದು ಪಾರವ್ವನ ವ್ರತವಾಗಿತ್ತು. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದಳು. ಒಮ್ಮೆ ಸತ್ತೂರಿನ ಹತ್ತಿರ ಗುಂಡಿಗೆ ಬಿದ್ದ ಬಸ್ಸಿನಲ್ಲಿ ಎಚ್ಚರ ತಪ್ಪಿತು. ಇನ್ನೊಮ್ಮೆ ಇಂಥ ಕುಲುಕಾಟ ಆದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಆಮೇಲೆ ಶಿವಲೀಲಾ ತಾನೇ ಮುಂದೆ ನಿಂತು ತಾಯಿಗೆ ಕ್ಷಣಪಥದ ಪಾಸು ಮಾಡಿಸಿಕೊಟ್ಟಳು. ತಾಯಿಗೆ ಒಂದು ದೊಡ್ಡ ಉಪಕಾರ ಮಾಡಿದೆನೆಂದು ಅವಳಿಗೆ ಹೆಮ್ಮೆಯಿತ್ತು.

ಒಂದು ಶುಕ್ರವಾರ ಸಂಜೆ ಶಿವಲೀಲಾ ಮನೆಗೆ ಬಂದಾಗ ಪಾರವ್ವ ತೊಡೆಯ ಮೇಲೆ ಕೌದಿ ಹರಡಿಕೊಂಡು ಸುಮ್ಮನೆ ಕೂತಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಅಕ್ಕನಿಗೆಂದು ಹೊಲಿಯುತ್ತಿದ್ದ ಕೌದಿ ಅದು. ಕಣ್ಣು ಮಂಜಾಗಿದ್ದರೂ ಪಾರವ್ವ ಬೆರಳ ತುದಿಯಿಂದಲೇ ಸಾಲು ತಪ್ಪದೆ ಹೊಲಿಯಬಲ್ಲವಳು. ಎಲ್ಲಿಗೆ ಹೋದರೂ ಸೂಜಿ ಚುಚ್ಚಿದ ಕೌದಿ ಕಂಕುಳಲ್ಲಿರುತ್ತಿತ್ತು.

"ಲೀಲಾ, ನನಗ ಅರುವು ಮರುವು ಆಗೇತೇನ ನೋಡವ್ವ."

"ಯಾಕ ಯವ್ವಾ?"

"ಮುಂಜಾಲೆ ಈ ಹಸರ ತುಂಡಿನ ಮಟಾ ಹೊಲದು ಸೂಜಿಗೆ ಹೊಸಾ ದಾರ ಪೋಣಿಸಿ ಹ್ವಾದೆ. ನೀಲಿ ಮನ್ಯಾಗ ಬಿಚ್ಚೇ ಇಲ್ಲ ಇದನ್ನ, ಕೆಳಗ ಇಟ್ಟಿದ್ದೆ. ಈಗ ನೋಡಿದ್ರ ಹಸರ ತುಂಡು ದಾಟಿ ಎಂಟು ಗೇಣು ಹೊಲಿಗಿ ಆಗೇತಿ. ದಾರ ತೀರೇತಿ. ಹೊಲಿಗಿ ನಂದ ಐತಿ. ಯಾವಾಗ ಹೊಲದೆ?"

ಶಿವಲೀಲಾ ಹೊಲಿಗೆಯನ್ನು ನೋಡಿದಳು. ತಾಯಿಯದೇ ಕೈ, ಅನುಮಾನವಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡಳು. ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ತಾಯಿಗೆ ಮಗಳ ಮುಖ ಸಾಕಾಗಿತ್ತು. ಆ ರಾತ್ರಿ ಪಾರವ್ವ ಸರಿಯಾಗಿ ಉಣ್ಣಲಿಲ್ಲ.

ಮಂಗಳವಾರ ಮುಂಜಾನೆ ನಿಲ್ದಾಣದಲ್ಲಿ ಗೂಡಿನ ಬಾಗಿಲಿಗೆ ಬಂದಾಗ ಶಿವಲೀಲಾ ದರ್ಜಿಯ ಸೀಮೆಸುಣ್ಣದಿಂದ ಕೌದಿಯ ಮೇಲೆ, ಹೊಲಿಗೆ ನಿಂತ ಕಡೆ, ಒಂದು ಗೀಟು ಎಳೆದಳು. ತಾಯಿಯ ಭಯ ಕಳೆದರೆ ಸಾಕು ಎಂಬುದಷ್ಟೇ ಅವಳ ಉದ್ದೇಶ. ಬಾಗಿಲು ಮುಚ್ಚುವ ಮೊದಲೇ ತೂಕದ ಕೋಣೆಗೆ ಓಡಿ ಹುಬ್ಬಳ್ಳಿಗೆ ಫೋನಿನಲ್ಲಿ ಮಾತಾಡಿದಳು.

"ಕಟ್ಟಿ ಸರ, ನಮ್ಮವ್ವ ಈಗ ಇಳೀತಾಳ. ಅಕಿ ಕೈಯಾನ ಕೌದಿ ಮ್ಯಾಲೆ ಬಿಳೀ ಗೀಟ ಐತಿ. ಹೊಲಿಗಿ ಎಲ್ಲಿ ಮಟಾ ಐತಿ ನೋಡಿ ಹೇಳ್ರಿ."

ಅತ್ತ ಕಡೆ ಬಾಗಿಲು ತೆರೆದ ಸದ್ದು, ಪಾರವ್ವನ ಒಡಕು ದನಿ, ಕಟ್ಟಿಯವರ ನಮಸ್ಕಾರ ಎಲ್ಲ ಕೇಳಿಸಿತು. ಆಮೇಲೆ ಕೌದಿ ಬಿಚ್ಚಿ ಹರಡಿದ ಸದ್ದು.

"ಅಕ್ಕಾರ," ಎಂದರು ಕಟ್ಟಿ. ತಮಾಷೆಯ ದನಿ ಎಲ್ಲೋ ಹೋಗಿತ್ತು. "ಗೀಟ ದಾಟಿ ನಾಲ್ಕು ಗೇಣು ಹೊಲಿಗಿ ಅದ ರೀ."

ಪಾರವ್ವ ತಾಸಿಗೆ ಒಂದು ಗೇಣಿಗಿಂತ ಕಡಿಮೆ ಹೊಲಿಯುತ್ತಾಳೆಂದು ಶಿವಲೀಲಾಗೆ ಚೆನ್ನಾಗಿ ಗೊತ್ತಿತ್ತು. ಅವಳು ಮುಂದಿದ್ದ ತೂಕದ ಪುಸ್ತಕವನ್ನು ನೋಡುತ್ತ ಕೂತಳು. ಉಸಿರಿನಲ್ಲಿ, ಬೆವರಿನಲ್ಲಿ ಮನುಷ್ಯನ ಮೈ ತಾಸಿಗೆ ಇಷ್ಟೆಂದು ತೂಕ ಕಳೆದುಕೊಳ್ಳುತ್ತದೆ. ಇನ್ನೂರು ಗ್ರಾಂ ಎಂದರೆ ಸುಮಾರು ಐದು ತಾಸು. ತಕ್ಕಡಿಗಳು ಎರಡೂ ಸರಿಯಾಗಿದ್ದವು.

ಆಮೇಲಿನ ತಿಂಗಳು ಕಟ್ಟಿಯವರೂ ಅವಳೂ ಎರಡೂ ಊರಿನ ಮಧ್ಯೆ ನಿದ್ದೆಗೆಟ್ಟು ದುಡಿದರು. ಮಡಿಕೆಯೊಳಗೆ ತನ್ನದೇ ಒಂದು ಕಾಲವಿದೆ ಎಂಬುದು ಖಚಿತವಾಯಿತು. ಹೊರಗೆ ರೆಪ್ಪೆ ಬಡಿಯುವಷ್ಟರಲ್ಲಿ ಒಳಗೆ ಐದು ತಾಸು. ಕೂತವರು ಎಚ್ಚರವಾಗಿರುತ್ತಾರೆ, ಉಸಿರಾಡುತ್ತಾರೆ, ಹಸಿಯುತ್ತಾರೆ. ಗೂಡಿನ ಬಾಗಿಲು ತೆರೆಯುವುದಿಲ್ಲ, ಬೆಳಕಿರುವುದಿಲ್ಲ. ಇಳಿಯುವಾಗ ಉಗುರು, ಕೂದಲು, ಹಸಿವು ಎಲ್ಲ ಜೊತೆಗೇ ಬರುತ್ತವೆ, ನೆನಪೊಂದು ಬರುವುದಿಲ್ಲ.

"ಅಳಿಸಿ ಹೋಗ್ತದೇನ್ರಿ ಸರ?" ಎಂದು ಶಿವಲೀಲಾ ಕೇಳಿದಳು.

"ಇಲ್ಲ. ಅಲ್ಲೇ ಉಳೀತದ ಅಂತ ಕಾಣಸ್ತದ," ಎಂದರು ಕಟ್ಟಿ. ಅವರು ಹತ್ತು ಜನರ ಕೈಗೆ ಒಂದೊಂದು ದಾರ ಕೊಟ್ಟು, ಒಳಗಿದ್ದಾಗ ಹಿಂದಿನ ಸಲದ ಪ್ರಯಾಣ ನೆನಪಾದರೆ ಒಂದು ಗಂಟು ಹಾಕಿರೆಂದು ಹೇಳಿ ಕಳಿಸಿದ್ದರು. ಹತ್ತರಲ್ಲಿ ಏಳು ದಾರಗಳಿಗೆ ಗಂಟು ಬಿದ್ದಿತ್ತು. "ಒಳಗ ಹೋದ ಕೂಡ್ಲೆ ಅವರಿಗೆ ಎಲ್ಲಾ ನೆನಪಾಗ್ತದ. ಹೊರಗ ಬಂದ ಕೂಡ್ಲೆ ಹೋಗ್ತದ. ದಿನಾ ಹೋಗಿಬರೋವ್ರು ದಿನಕ್ಕ ಹತ್ತು ತಾಸು ಅಲ್ಲಿ ಕೂಡ್ತಾರ. ನಾಲ್ಕು ವರ್ಷ ಆತು."

"ಮತ್ತ ಅಲ್ಲಿ ಏನಿರತೈತಿ ಅಂತ ಬರಕೊಂಡು ಬರ್ರಿ ಅಂದ್ರ?"

ಕಟ್ಟಿ ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಸುರಿದರು. ಚೂರು ಚೂರಾದ ಕಾಗದ. ಒಂದು ಚೂರೂ ಉಗುರಿಗಿಂತ ದೊಡ್ಡದಿರಲಿಲ್ಲ. ಕಾಗದ ಒಯ್ದ ಇಪ್ಪತ್ತು ಜನರೂ ತಮ್ಮ ಕೈಯಾರೆ ಹರಿದು, ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದರು.

"ನಮ್ಮ ಜೋಡಿ ಅವರಿಗೆ ಮಾತು ಬ್ಯಾಡಾಗ್ಯದ ಅಕ್ಕಾರ," ಎಂದರು ಕಟ್ಟಿ. "ದಿನಾ ಅವರನ್ನ ಅಲ್ಲಿ ಕೂಡಿಸಿ ನಾವು ಇಲ್ಲಿ ಬಂದು ಚಹಾ ಕುಡೀತೇವಲ್ಲ."

ಶಿವಲೀಲಾಗೆ ಒಡೆದ ಗಂಟಲುಗಳೆಲ್ಲ ನೆನಪಾದವು. ನಾಲ್ಕು ವರ್ಷ ಸಾವಿರಾರು ಜನ ಆ ಕತ್ತಲೆಯಲ್ಲಿ ಕಿರುಚಿ ಕಿರುಚಿ ಬಂದು, ಇವಳ ತಕ್ಕಡಿಯ ಮೇಲೆ ನಿಂತು, ಧಾರವಾಡದ ಹವೆಯನ್ನು ಬೈದು ಹೋಗಿದ್ದರು.

ವರದಿ ಮೇಲಕ್ಕೆ ಹೋಯಿತು. ಮೇಲಿನವರು ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿಸಿದರು: 'ಪ್ರಯಾಣದಲ್ಲಿ ಅನುಭವಕ್ಕೆ ಬಾರದ ಐದು ತಾಸಿನ ಅವಧಿ ಇರುತ್ತದೆ. ಗಾಬರಿ ಬೇಡ.' ಎರಡು ವಾರ ಗೂಡುಗಳು ಖಾಲಿ ಹೊಡೆದವು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಮೂರನೆಯ ವಾರ ಬಸ್ಸಿನ ಗುಂಡಿಗಳು ನೆನಪಿದ್ದವು, ಗೂಡಿನ ಕತ್ತಲೆ ಯಾರಿಗೂ ನೆನಪಿರಲಿಲ್ಲ. ಜನ ತಿರುಗಿ ಬಂದರು. ಬರುವಾಗ ಬುತ್ತಿ, ನೀರು, ಹೊದಿಕೆ ತಂದರು. ಹೂ ಮಾರುವ ಹೆಂಗಸರು ಬಿಡಿ ಮಲ್ಲಿಗೆ ಒಯ್ದು ಮಾಲೆ ಮಾಡಿಕೊಂಡು ಇಳಿಯತೊಡಗಿದರು. ಕಚೇರಿಯ ಗುಮಾಸ್ತನೊಬ್ಬ ತಕ್ಕಡಿಯ ಮೇಲೆ ನಿಂತು, "ನೆನಪ ಇಲ್ಲದ್ದು ಎಂಥಾ ತ್ರಾಸ್ರಿ ಅಕ್ಕಾರ? ನನಗೇನು ಆಗೇತಿ? ಏನೂ ಇಲ್ಲ," ಎಂದ. ಅವನ ದನಿ ಎಷ್ಟು ಒಡೆದಿತ್ತೆಂದರೆ ಮಾತು ಅರ್ಧಮರ್ಧ ಕೇಳಿಸಿತು.

ಪಾರವ್ವನಿಗೆ ಶಿವಲೀಲಾ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳಿಗೆ ಅಳು ಬಂತು. ಪಾರವ್ವ ಮೊದಲು ದೊಡ್ಡದೊಂದು ಉಸಿರು ಬಿಟ್ಟಳು.

"ಹಂಗಾರ ನನಗ ಮರುವು ಹತ್ತಿಲ್ಲ."

"ಇಲ್ಲ ಯವ್ವಾ."

"ಐದು ತಾಸು ಒಬ್ಬಾಕೀನ ಕತ್ತಲದಾಗ ಕುಂತಿರತೀನೇನ ನಾ?"

"ಹೂಂ. ಹೋಗಾಗ ಐದು, ಬರಾಗ ಐದು."

"ನನಗ ನೆನಪಿರಂಗಿಲ್ಲ ಬಿಡು. ಆದ್ರ ಅಲ್ಲಿ ಕುಂತಾಕಿ ನಾನ ಅಲ್ಲೇನು?" ಪಾರವ್ವ ಕೌದಿಯ ಮೇಲೆ ಕೈಯಾಡಿಸಿದಳು. "ಪಾಪ, ಹಸಗೊಂಡು ಕುಂತಾಳು. ಒಂದು ದಿನಾ ಅಕಿಗೆ ರೊಟ್ಟಿ ಕಟ್ಟಲಿಲ್ಲ ನೋಡ ನಾ."

ಅದಾದ ಮೇಲೆ ಶಿವಲೀಲಾ ತಾಯಿಯನ್ನು ಹೋಗಗೊಡಲಿಲ್ಲ. ಮಂಗಳವಾರ ಬಂತು, ಶುಕ್ರವಾರ ಬಂತು. ಪಾರವ್ವ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು, ಮಾತು ಕಡಿಮೆಯಾಗಿತ್ತು. ಐದನೆಯ ವಾರ ನೀಲವ್ವನ ಮಗ ಫೋನು ಮಾಡಿದ. ಅವ್ವ ಅನ್ನ ಬಿಟ್ಟಿದ್ದಾಳೆ, ಪಾರಿ ಎಲ್ಲಿ ಪಾರಿ ಎಲ್ಲಿ ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ ಎಂದ.

"ಕಾರು ಮಾಡತೀನಿ. ಸಾವಕಾಶ ಹೋಗೂಣು," ಎಂದಳು ಶಿವಲೀಲಾ.

"ಆ ಗುಂಡ್ಯಾಗ ಸತ್ತರ ನೀಲೀ ಮುಖಾ ನೋಡದನ ಸಾಯತೀನಿ. ಡಾಕ್ಟರ ಅಂದದ್ದು ನೀ ಕೇಳಿಲ್ಲೇನು? ನಾ ಗೂಡಿನ್ಯಾಗ ಹೋಗತೀನಿ."

"ಯವ್ವಾ, ಐದು ತಾಸು..."

"ಇಷ್ಟು ದಿನಾ ಕುಂತಾಳ, ಇವತ್ತೂ ಕೂಡತಾಳ."

ಶಿವಲೀಲಾ ಅತ್ತಿತ್ತ ಅಡ್ಡಾಡಿದಳು. ಕಡೆಗೆ, "ನಾನೂ ಬರತೀನಿ. ಒಂದ ಗೂಡಿನ್ಯಾಗ ಇಬ್ಬರೂ ಕೂಡೂಣು," ಎಂದಳು. ಒಂದು ಗೂಡಿಗೆ ಒಬ್ಬರೇ ಎಂಬುದು ನಿಯಮ. ಆದರೆ ಗೂಡು ತಾಳುವುದು ನೂರಿಪ್ಪತ್ತು ಕಿಲೋ ಎಂದು ತೂಕದವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ತಾಯಿ ಮಗಳು ಸೇರಿ ನೂರನ್ನು ದಾಟುತ್ತಿರಲಿಲ್ಲ. ತಾನು ಜೊತೆಗಿದ್ದರೆ ಕತ್ತಲೆಯಾದರೇನು, ಕೈ ಹಿಡಿದುಕೊಂಡು ಮಾತಾಡುತ್ತ ಕೂತರೆ ಐದು ತಾಸು ಎಷ್ಟರದು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಮುಂಜಾನೆ ಎದ್ದು ಪಾರವ್ವ ತಾನೇ ರೊಟ್ಟಿ ಬಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಿಂಡಿ ನೀರು. ಹತ್ತು ಗಂಟೆಗೆ ಇಬ್ಬರೂ ಗೂಡಿಗೆ ಬಂದರು. ಒಂದೇ ಕುರ್ಚಿಯಿತ್ತು. ಪಾರವ್ವನನ್ನು ಕೂರಿಸಿ ಶಿವಲೀಲಾ ಅವಳ ಮುಂದೆ ನೆಲದ ಮೇಲೆ ಕೂತು, ಬುತ್ತಿಯ ಚೀಲವನ್ನು ಪಕ್ಕಕ್ಕೆ ಇಟ್ಟಳು.

"ಚೀಲಾ ಕಾಲಾಗ ಇಡಬ್ಯಾಡ ಲೀಲಾ, ಎಡವತಿ," ಎಂದಳು ಪಾರವ್ವ.

ಬಾಗಿಲು ಮುಚ್ಚಿತು. ದೀಪ ಆರಿತು. ಬಾಗಿಲು ತೆರೆಯಿತು.

ಹುಬ್ಬಳ್ಳಿಯ ಬೆಳಕು ಒಳಗೆ ಬಿತ್ತು. ಶಿವಲೀಲಾ ಚೀಲವನ್ನು ಸರಿಸಲು ಕೈ ಚಾಚಿದಳು. ಚೀಲ ಅಲ್ಲಿರಲಿಲ್ಲ, ಮೂಲೆಗೆ ಸರಿದಿತ್ತು. ಕುರ್ಚಿ ಖಾಲಿಯಿತ್ತು. ಪಾರವ್ವ ನೆಲದ ಮೇಲೆ, ಗೋಡೆಗೆ ಆನಿಸಿ ಕೂತಿದ್ದಳು, ಚಕ್ಕಳಮಕ್ಕಳ ಹಾಕಿಕೊಂಡು. ಮೈಸುತ್ತ ಕೌದಿ ಹೊದಿಸಿತ್ತು. ಗಲ್ಲದಿಂದ ನೆತ್ತಿಗೆ ಒಂದು ಬಟ್ಟೆ ಕಟ್ಟಿತ್ತು, ಶಿವಲೀಲಾಳ ಸೀರೆಯ ಸೆರಗಿನಿಂದ ಹರಿದದ್ದು. ಕಣ್ಣು ಮುಚ್ಚಿದ್ದವು. ಹಣೆಯ ತುಂಬ ವಿಭೂತಿ, ಅವಳ ಸಂಚಿಯಲ್ಲಿ ಸದಾ ಇರುತ್ತಿದ್ದದ್ದು. ಕೊರಳಿನ ಇಷ್ಟಲಿಂಗ ಎಡ ಅಂಗೈಯಲ್ಲಿತ್ತು, ಬೆರಳುಗಳು ಅದರ ಮೇಲೆ ಮಡಿಚಿದ್ದವು.

ಶಿವಲೀಲಾ ಮುಟ್ಟಿ ನೋಡಿದಳು. ಮೈ ತಣ್ಣಗಾಗಿ ಸೆಟೆದಿತ್ತು. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ, ಅದಕ್ಕೆ ಮೈ ಸೆಟೆಯುವ ಮೊದಲೇ ಕಾಲು ಮಡಿಸಬೇಕು. ಯಾರೋ ಮಡಿಸಿದ್ದರು. ಕತ್ತಲೆಯಲ್ಲಿ, ತಡವಿ ತಡವಿ, ಒಂದನ್ನೂ ಬಿಡದೆ ಎಲ್ಲ ಮಾಡಿದ್ದರು. ಆ ಯಾರೋ ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳ ಅಂಗೈಯಲ್ಲೂ ವಿಭೂತಿ ಇತ್ತು.

ಅವಳು ಯವ್ವಾ ಎಂದು ಚೀರ ಹೋದಳು. ಗಂಟಲಿನಿಂದ ಗಾಳಿ ಮಾತ್ರ ಬಂತು, ದನಿ ಪೂರ್ತಿ ಹೋಗಿತ್ತು. ಅಳ ಹೋದಳು. ಕಣ್ಣು ಉರಿದವು, ರೆಪ್ಪೆಗಳು ಊದಿದ್ದವು, ನೀರು ಮಾತ್ರ ಬರಲಿಲ್ಲ. ಅಳುವುದೆಲ್ಲ ಆಗಲೇ ಮುಗಿದಿತ್ತು. ಒಂದು ಗಳಿಗೆಯ ಹಿಂದೆ ಚೀಲ ಎಡವೀಯೆ ಎಂದಿದ್ದ ತಾಯಿ ಯಾವಾಗಲೋ ಸತ್ತು, ಯಾರೋ ಅತ್ತು, ಯಾರೋ ಸಮಾಧಾನ ಮಾಡಿಕೊಂಡು, ಇವಳ ಪಾಲಿಗೆ ಏನನ್ನೂ ಉಳಿಸದೆ ಹೋಗಿದ್ದರು. ಕಟ್ಟಿಯವರು ಓಡಿಬಂದು ಬಾಗಿಲಿನಲ್ಲೇ ನಿಂತುಬಿಟ್ಟರು. ಆ ಸಂಜೆಯೇ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ನೀಲವ್ವ ಸಾಯಲಿಲ್ಲ. ತಂಗಿಯ ಸುದ್ದಿ ಕೇಳಿ ಮೂರು ದಿನ ಗೋಡೆಯ ಕಡೆ ತಿರುಗಿ ಮಲಗಿದಳು, ನಾಲ್ಕನೆಯ ದಿನ ಗಂಜಿ ಕೇಳಿದಳು. ಮಣ್ಣು ಮುಗಿಸಿ ಶಿವಲೀಲಾ ಬಸ್ಸಿನಲ್ಲಿ ಹಳೇಹುಬ್ಬಳ್ಳಿಗೆ ಹೋದಾಗ ಮುದುಕಿ ಅವಳ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು.

"ಕಡೀಕ ಏನಂದ್ಲ ಪಾರಿ?"

ಸತ್ತ ಮನೆಯಲ್ಲಿ ಬಂದವರೆಲ್ಲ ಕೇಳುವುದು ಇದನ್ನೇ. ನೀರು ಕೇಳಿದಳೋ, ಮಕ್ಕಳ ಹೆಸರು ಹಿಡಿದಳೋ, ಶಿವಾ ಅಂದಳೋ. ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಇಡೀ ಊರಿನಲ್ಲಿ ತಾಯಿಯ ಕೊನೆಯ ಉಸಿರಿನ ತನಕ ಪಕ್ಕದಲ್ಲೇ ಕೂತಿದ್ದೂ ಏನೂ ಗೊತ್ತಿಲ್ಲದವಳು ತಾನೊಬ್ಬಳೇ ಎಂದು ಶಿವಲೀಲಾಗೆ ನಾಚಿಕೆಯಾಯಿತು. ಸುಳ್ಳು ಹೇಳಲೂ ಬಾಯಿ ಬರಲಿಲ್ಲ.

"ಗೊತ್ತಿಲ್ಲ ದೊಡ್ಡವ್ವ. ಗೊತ್ತಿದ್ದಾಕಿ ಅಲ್ಲೇ ಅದಾಳ."

ತನಿಖೆ ನಡೆಯಿತು. ಹೃದಯದ ಕಾಯಿಲೆಯವರಿಗೆ ಕ್ಷಣಪಥ ನಿಷೇಧವೆಂದು ಹಳೆಯ ಬೋರ್ಡಿನ ಕೆಳಗೆ ಇನ್ನೊಂದು ಬೋರ್ಡು ಬಂತು. ಗೂಡಿನಿಂದ ಹೆಣ ಇಳಿದ ಮಾತು ಎರಡೂ ಊರಿನಲ್ಲಿ ಹಬ್ಬಿದ ಮೇಲೆ ಬೋರ್ಡಿಗಿಂತ ಹೆಚ್ಚಿನ ಕೆಲಸವನ್ನು ಅದೇ ಮಾಡಿತು. ಜನ ಈ ಸಲ ನಿಜವಾಗಿ ಹೆದರಿದರು. ಗುಂಡಿ ಮುಚ್ಚಿರೆಂದು ಗದ್ದಲವಾಗಿ ರಸ್ತೆಗೆ ಡಾಂಬರು ಬಿತ್ತು, ಕಾಲು ತಾಸಿಗೊಂದು ಬಸ್ಸು ಬಂತು. ಹನ್ನೆರಡು ಗೂಡುಗಳಲ್ಲಿ ಹತ್ತನ್ನು ಮುಚ್ಚಿದರು. ಶಿವಲೀಲಾಳನ್ನು ನಿಯಮ ಮುರಿದದ್ದಕ್ಕೆ ಮನೆಗೆ ಕಳಿಸಿದರು. ಅವಳು ಎದುರಾಡಲಿಲ್ಲ.

ಹಗಲೆಲ್ಲ ಮನೆಯಲ್ಲಿ ಕೂತು ಅವಳು ಯೋಚಿಸುತ್ತಿದ್ದದ್ದು ತಾಯಿಯ ಬಗ್ಗೆ ಅಷ್ಟಲ್ಲ, ಗೂಡಿನ ಕತ್ತಲೆಯಲ್ಲಿ ಉಳಿದ ಆ ಇನ್ನೊಬ್ಬಳ ಬಗ್ಗೆ. ಅವಳಿಗೆ ಎಲ್ಲ ಗೊತ್ತು. ಅವ್ವನಿಗೆ ಎದೆ ನೋವು ಬಂದದ್ದು ಯಾವಾಗ, ರೊಟ್ಟಿ ತಿಂದಳೋ ಇಲ್ಲವೋ, ಹೆದರಿದಳೋ, ತನ್ನನ್ನು ಬೈದಳೋ, ಕ್ಷಮಿಸಿದಳೋ. ಅವ್ವನ ತಲೆ ಯಾರ ತೊಡೆಯ ಮೇಲಿತ್ತು. ಆ ತಾಸುಗಳೆಲ್ಲ ಅವಳ ಸ್ವತ್ತು, ಈ ಕಡೆಯವಳಿಗೆ ಅದರಲ್ಲಿ ಚೂರೂ ಪಾಲಿಲ್ಲ. ಶಿವಲೀಲಾಗೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಮರುಗಳಿಗೆಯೇ, ಹೆಣದ ಪಕ್ಕದಲ್ಲಿ ಬಾಗಿಲು ತೆರೆಯುವುದನ್ನೇ ಕಾಯುತ್ತ ಕೂತಿದ್ದವಳನ್ನು ನೆನೆದು ಕರುಳು ಕಿತ್ತು ಬರುತ್ತಿತ್ತು. ತಾನು ಇನ್ನು ಗೂಡಿಗೆ ಕಾಲಿಡದಿದ್ದರೆ ಅವಳು ಇರುವುದಾದರೂ ಎಲ್ಲಿ? ಅವಳು ಇಲ್ಲದಿದ್ದರೆ ಅವ್ವನ ಕೊನೆಯ ಮಾತು ಯಾರ ಬಳಿ ಇರುತ್ತದೆ?

ಒಂದು ಶುಕ್ರವಾರ ದೊಡ್ಡವ್ವನನ್ನು ನೋಡಲು ಹೊರಟು ಅವಳು ನಿಲ್ದಾಣದ ಎದುರು ನಿಂತಳು. ರಸ್ತೆಯ ಈ ಬದಿಗೆ ಬಸ್ಸು ಸಿದ್ಧವಾಗಿತ್ತು. ಕಿಟಕಿಯ ಪಕ್ಕದ ಸೀಟಿನಲ್ಲಿ ಕಟ್ಟಿಯವರೇ ಕೂತಿದ್ದರು, ಧಾರವಾಡದ ಮಗಳ ಮನೆಗೆ ಬಂದು ತಿರುಗಿ ಹೊರಟವರು.

"ಬರ್ರಿ ಅಕ್ಕಾರ, ಜಾಗಾ ಅದ," ಎಂದು ಕೂಗಿದರು. ಅವಳ ನೋಟ ಎತ್ತ ಹೋಗುತ್ತಿದೆಯೆಂದು ಕಂಡು ಅವರ ಮುಖ ಸಣ್ಣದಾಯಿತು. "ಬ್ಯಾಡ ರೀ. ಅಲ್ಲಿಂದ ಏನೂ ತರಲಿಕ್ಕೆ ಆಗೂದಿಲ್ಲ. ನಿಮಗ ಗೊತ್ತದ."

"ತರಾಕ ಹೊಂಟಿಲ್ರಿ ಸರ," ಎಂದಳು ಶಿವಲೀಲಾ. "ಅಕಿ ಒಬ್ಬಾಕೀನ ಎಷ್ಟ ದಿನಾ ಇಟಗೊಂಡಿರಬೇಕು ಅದನ್ನ?"

ಅವಳು ರಸ್ತೆ ದಾಟಿದಳು. ಪರಿಚಯವಿಲ್ಲದ ಯಾರೋ ಅವಳನ್ನು ತೂಗಿ ಚೀಟಿ ಕೊಟ್ಟರು. ಕಾಗದವನ್ನಾಗಲಿ ದಾರವನ್ನಾಗಲಿ ಅವಳು ಒಯ್ಯಲಿಲ್ಲ. ಗೂಡಿನಲ್ಲಿ ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಕೂತಳು. ಬಾಗಿಲು ಮುಚ್ಚಿತು, ದೀಪ ಆರಿತು.

ಬಾಗಿಲು ತೆರೆಯಿತು. ಯಾರೋ ಮಾತಾಡುತ್ತಿದ್ದರು. ಮೆಲು ದನಿ, ನಗು ಬೆರೆತದ್ದು, ಆತುರದ್ದು. ಅದು ತನ್ನದೇ ದನಿ ಎಂದು ಶಿವಲೀಲಾಗೆ ತಿಳಿಯುವಷ್ಟರಲ್ಲಿ ಮಾತು ಮುಗಿದಿತ್ತು.

"...ಆಮ್ಯಾಲೆ ಏನಾತು, ಯವ್ವಾ?"

ಹುಬ್ಬಳ್ಳಿಯ ತೂಕದ ಕೋಣೆಗೆ ಹೊಸದಾಗಿ ಬಂದ ಹೆಂಗಸು ಬಗ್ಗಿ ಗೂಡಿನೊಳಗೆ ನೋಡಿದಳು. ಶಿವಲೀಲಾಳ ಬೆನ್ನ ಹಿಂದೆ ಗೋಡೆ, ಖಾಲಿ ಕುರ್ಚಿ, ಬೇರೇನೂ ಇರಲಿಲ್ಲ. ಶಿವಲೀಲಾಳ ಗಂಟಲು ಒಡೆದಿರಲಿಲ್ಲ. ಬಾಯಿಯ ಮೇಲೆ ಇನ್ನೂ ನಗು ಇತ್ತು, ಯಾತಕ್ಕೆಂದು ತಿಳಿಯದ ನಗು. ತೋಳಿನ ಮೇಲೆ ರೋಮಗಳೆಲ್ಲ ನಿಂತಿದ್ದವು. ಅವಳು ಏಳಲು ನೋಡಿದಳು, ಕಾಲು ಜೋಮು ಹಿಡಿದಿದ್ದರಿಂದ ಗೋಡೆ ಹಿಡಿದು ಎದ್ದಳು. ಹೊರಗಿನ ಬಾಗಿಲ ಆಚೆ ಹಳೇಹುಬ್ಬಳ್ಳಿಯ ರಿಕ್ಷಾಗಳು ನಿಂತಿದ್ದವು. ಅವಳು ಆ ಕಡೆ ತಿರುಗಲಿಲ್ಲ.

"ಧಾರವಾಡಕ್ಕ ಒಂದು ಚೀಟಿ ಕೊಡವ್ವ."

"ಈಗರ ಬಂದ್ರೆಲ್ರಿ?"

"ಹೂಂ," ಎಂದಳು ಶಿವಲೀಲಾ. "ಮಾತು ಅರ್ಧಕ್ಕ ನಿಂತೈತಿ."